ಅರ್ಧ ಗೇಣಿನ ದೂರ

ಕನ್ನಡಕ ತೆಗೆದರೆ ಅಕ್ಕನಿಗೆ ಕಟ್ಟಿಕೊಂಡ ಗಂಡನೂ ಒಂದೇ, ಕೋಟು ನೇತುಹಾಕುವ ಸ್ಟ್ಯಾಂಡೂ ಒಂದೇ. ಇದು ಆಗದವರು ಕಟ್ಟಿದ ಕತೆಯಲ್ಲ. ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಕಿಟಕಿಯ ಬಳಿ ಕನ್ನಡಕ ಬಿಚ್ಚಿಟ್ಟು ಕೆಲಸದಲ್ಲಿ ಮುಳುಗಿದ್ದವಳು ತಲೆ ಎತ್ತಿ, "ರೀ, ಆ ಪ್ಯಾಂಟಿಗೆ ಗುಂಡಿ ಹಾಕಿದ್ರಾ?" ಎಂದು ಮೂರು ಸಲ ಕೇಳಿದಳು. ಉತ್ತರವಿಲ್ಲ. "ಮದುವೆಯಾದಾಗಿಂದ ಇದೇ ಆಯ್ತು, ಕೇಳಿದ್ರೆ ಕಂಬದ ಥರ ನಿಂತಿರ್ತೀರ" ಎಂದು ಸ್ಟ್ಯಾಂಡಿಗೆ ಮನಸಾರೆ ಬೈದಳು. ಭಾವ ಆ ಹೊತ್ತಿಗೆ ಎದುರು ಸಾಲಿನಲ್ಲಿ ಟೀ ಕುಡಿಯುತ್ತಿದ್ದರು. ಅಂಗಡಿಯಲ್ಲಿ ಕಾಯುತ್ತ ಕೂತಿದ್ದ ಗಿರಾಕಿಯೊಬ್ಬರು ನಕ್ಕು ನಕ್ಕು ಸುಸ್ತಾಗಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿದರು. ಅಂದಿನಿಂದ ಆ ಸ್ಟ್ಯಾಂಡಿಗೆ 'ಚಿಕ್ಕ ಯಜಮಾನರು' ಎಂದೇ ಹೆಸರು. ಭಾವ ಕೂಡ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅದಕ್ಕೊಂದು ನಮಸ್ಕಾರ ಹಾಕುತ್ತಾರೆ.

ಅವಳಿಗೆ ಒಡಹುಟ್ಟಿದವಳು ಎಂದು ಇರುವುದು ಒಬ್ಬಳೇ ತಂಗಿ, ಆದರೆ ಬೀದಿಗೆಲ್ಲ ಅವಳು ಅಕ್ಕನೇ. ನಲವತ್ಮೂರು ವರ್ಷ, ಕುಳ್ಳು, ಕೈ ಮಾತ್ರ ಉದ್ದ. ಎರಡು ಕಣ್ಣಿಗೂ ಮೈನಸ್ ಒಂಬತ್ತು. ಶಾಲೆಯಲ್ಲಿ 'ಸೋಡಾಬುಡ್ಡಿ' ಅನ್ನಿಸಿಕೊಂಡಿದ್ದಳು, ಅದೂ ಹದಿನಾಲ್ಕನೇ ವಯಸ್ಸಿಗೆ ಕನ್ನಡಕ ಬಂದ ಮೇಲೆ. ಅದಕ್ಕೆ ಮುಂಚೆ ಅವಳ ಹೆಸರು ಬರೀ 'ದಡ್ಡಿ'. ಕರಿಹಲಗೆ ಎಂಬುದು ಗೋಡೆಯ ಮೇಲಿನ ಒಂದು ಕಪ್ಪು ಕಲೆ ಎಂದೇ ಅವಳು ತಿಳಿದಿದ್ದಳು, ಅದರ ಮೇಲೆ ಏನೋ ಬರೆದಿರುತ್ತಾರೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಪಕ್ಕದವಳ ನೋಟ್‌ಬುಕ್ಕೇ ಅವಳಿಗೆ ಶಾಲೆ. ಇಂಥ ಕಣ್ಣಿನ ಹುಡುಗಿಯನ್ನು ದಡ್ಡಿ ಎಂದು ಹಿಂದಿನ ಬೆಂಚಿಗೆ ತಳ್ಳಿದ ಆ ಜಾಣರ ಮೇಲೆ ಈಗಲೂ ಸಿಟ್ಟು ಬರುತ್ತದೆ. ಅವಳಿಗೆ ಬರುವುದಿಲ್ಲ. "ಪಾಪ, ಅವರಿಗೇನು ಗೊತ್ತು" ಅನ್ನುತ್ತಾಳೆ.

ಕನ್ನಡಕ ಬಂದ ಮರುವರ್ಷ ಅಮ್ಮ ಹೋದಳು. ಅಪ್ಪ ಲಾರಿ ಓಡಿಸುತ್ತ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ತಂಗಿಗೆ ಆಗ ಐದು ವರ್ಷ. ಶಾಲೆಗೆ ಶರಣು ಹೊಡೆದು ಅಕ್ಕ ತಂಗಿಗೆ ತಲೆ ಬಾಚಿದಳು, ಉಣಿಸಿದಳು, ಬೈದಳು, ಓದಿಸಿದಳು. ಮಧ್ಯಾಹ್ನದ ಹೊತ್ತು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದರ ಮೂಲೆಯಲ್ಲಿ ಕೂತಿರುತ್ತಿದ್ದ ಒಬ್ಬ ಅಜ್ಜಿಯ ಹತ್ತಿರ ರಫು ಕೆಲಸ ಕಲಿತಳು.

ರಫು ಎಂದರೆ ತೇಪೆಯಲ್ಲ. ತೇಪೆ ಎಂಬ ಮಾತು ಅಕ್ಕನ ಎದುರಿಗೆ ಆಡಬಾರದು, ಹೆತ್ತವರನ್ನು ಬೈದಷ್ಟು ಸಿಟ್ಟು ಬರುತ್ತದೆ. ನುಸಿ ತಿಂದೋ ಕಿಡಿ ಬಿದ್ದೋ ತೂತಾದ ಬಟ್ಟೆಯ ಒಳಹೊಲಿಗೆ ಬಿಚ್ಚಿ, ಯಾರಿಗೂ ಕಾಣದ ಅಂಚಿನಿಂದ ಅದೇ ಬಟ್ಟೆಯ ಎಳೆ ಬಿಡಿಸಿ, ಆ ಎಳೆಗಳಿಂದ ತೂತಿನ ಜಾಗದಲ್ಲಿ ಹಾಸು ಎಳೆದು, ಹೊಕ್ಕು ತೂರಿಸಿ, ಬಟ್ಟೆಯನ್ನು ಅಲ್ಲೇ ಮತ್ತೆ ನೇಯುವುದು. ಕೆಲಸ ಚೆನ್ನಾಗಿ ಆಯಿತು ಎಂದರೆ ಕೆಲಸ ಆಗಿದೆ ಎಂದೇ ಯಾರಿಗೂ ಗೊತ್ತಾಗಬಾರದು. ಹೊಗಳಿಸಿಕೊಳ್ಳಲು ಇದಕ್ಕಿಂತ ಕೆಟ್ಟ ಕಸುಬು ಜಗತ್ತಿನಲ್ಲಿಲ್ಲ. ಮುಂದಿನ ಮೇಜಿನಲ್ಲಿ ಭಾವ ಟೈಲರಿಂಗ್ ಮಾಡುತ್ತಾರೆ, ಅವರು ಹೊಲಿದ ಕೋಟನ್ನು ಜನ ತಿರುಗಿ ನೋಡುತ್ತಾರೆ. ಹಿಂದಿನ ಕಿಟಕಿಯಲ್ಲಿ ಅಕ್ಕ ಎಲ್ಲರಿಗೂ ಬೆನ್ನು ಹಾಕಿ ಕೂತಿರುತ್ತಾಳೆ. ಕೂತ ಕೂಡಲೇ ಕನ್ನಡಕ ತೆಗೆದು ಪಕ್ಕದ ಡಬ್ಬಿಯಲ್ಲಿಡುತ್ತಾಳೆ. ಯಾಕೆ ಎಂದರೆ, ಬಗ್ಗಿದರೆ ಜಾರುತ್ತದೆ ಎಂದು ಭಾವ ಹೇಳುತ್ತಿದ್ದರು. ಮನೆಯವರೆಲ್ಲ ಅದನ್ನೇ ನಂಬಿದ್ದರು.

ಇನ್ನು ತಂಗಿ. ಅಕ್ಕ ಓದಿಸಿದ್ದು ವ್ಯರ್ಥವಾಗಲಿಲ್ಲ. ಅವಳು ಕಣ್ಣಿನ ಆಸ್ಪತ್ರೆಯೊಂದರಲ್ಲಿ ದೃಷ್ಟಿ ಪರೀಕ್ಷೆ ಮಾಡುತ್ತಾಳೆ. ಕತ್ತಲೆ ಕೋಣೆ, ಆರು ಮೀಟರ್ ದೂರದಲ್ಲಿ ಹೊಳೆಯುವ ಅಕ್ಷರಗಳ ಬೋರ್ಡು, "ಕೆಳಗಿನ ಸಾಲು ಓದಿ. ಇದು ಚೆನ್ನಾಗಿ ಕಾಣತ್ತಾ, ಇದಾ?" ಎಂದು ದಿನಕ್ಕೆ ಅರವತ್ತು ಜನರನ್ನು ಕೇಳುವ ಕೆಲಸ. ಅವಳಿಗೂ ಮೈನಸ್ ಐದು ಇತ್ತು. ಆರು ವರ್ಷದ ಕೆಳಗೆ ಅದೇ ಆಸ್ಪತ್ರೆಯಲ್ಲಿ ಲೇಸರ್ ಮಾಡಿಸಿಕೊಂಡಳು. ಹತ್ತು ನಿಮಿಷದ ಕೆಲಸ, ಮೂರು ದಿನ ಕಪ್ಪು ಕನ್ನಡಕ, ಆಮೇಲೆ ಯಾವ ಕನ್ನಡಕವೂ ಇಲ್ಲ. ಹೊಸದಾಗಿ ಸಿಗರೇಟು ಬಿಟ್ಟವರ ಹಾಗೆ ಅವಳೂ ಕಂಡಕಂಡವರಿಗೆಲ್ಲ ಬೋಧನೆ ಶುರು ಮಾಡಿದಳು. ಉಳಿದವರು ತಪ್ಪಿಸಿಕೊಂಡರು. ಅಕ್ಕ ಎಲ್ಲಿಗೆ ತಪ್ಪಿಸಿಕೊಂಡಾಳು?

"ಮಾಡಿಸ್ಕೊಳ್ಳೇ ಅಕ್ಕ. ನಿನ್ನ ದಮ್ಮಯ್ಯ ಅಂತೀನಿ."

"ನೋಡೋಣ ಬಿಡೇ."

"ಆರು ವರ್ಷದಿಂದ ನೋಡೋಣ ಅಂತಿದೀಯ. ಕನ್ನಡಕ ತೆಗೆದ್ರೆ ಏನು ನೋಡ್ತೀಯ ನೀನು?"

ತಂಗಿಯ ಹಠದ ಹಿಂದೆ ಬರೀ ಬೋಧನೆಯ ಚಟವಿರಲಿಲ್ಲ. ಅಕ್ಕ ತನಗಾಗಿ ಏನೇನು ಬಿಟ್ಟಳು ಎಂಬುದು ಅವಳಿಗೆ ಗೊತ್ತಿತ್ತು. ಅದನ್ನೆಲ್ಲ ತಿರುಗಿ ಕೊಡಲಾಗುವುದಿಲ್ಲ, ಕಣ್ಣಾದರೂ ಕೊಡೋಣ ಎಂದು ಅವಳ ಆಸೆ. ಅಕ್ಕ ಕನ್ನಡಕ ಹಾಕಿದರೂ ರಸ್ತೆಯಾಚೆಗಿನ ಮುಖ ಅರೆಬರೆಯಾಗಿ ಕಾಣುತ್ತಿತ್ತು, ಯಾರಿಗೂ ಬೇಜಾರಾಗದಿರಲಿ ಎಂದು ಎದುರಿಗೆ ಬಂದವರಿಗೆಲ್ಲ ಅವಳು ನಗುತ್ತಿದ್ದಳು. ಬೀದಿಯಲ್ಲಿ ಇಷ್ಟು ಒಳ್ಳೆಯ ಹೆಂಗಸಿಲ್ಲ ಎಂದು ಅವಳಿಗೆ ಬಂದ ಹೆಸರಿನಲ್ಲಿ ಅರ್ಧ ಪಾಲು ಮೈನಸ್ ಒಂಬತ್ತಿನದು ಎಂದು ಭಾವ ಚುಡಾಯಿಸುತ್ತಿದ್ದರು.

ಒಂದು ದಿನ ಇದ್ದಕ್ಕಿದ್ದ ಹಾಗೆ ಅಕ್ಕ "ಆಯ್ತು" ಅಂದಳು. ತಂಗಿ ತನ್ನ ಕಿವಿಯನ್ನೇ ನಂಬಲಿಲ್ಲ.

"ನಿಜವಾಗ್ಲೂ?"

"ಹೂಂ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಕಾಣಬೇಕು ಕಣೇ. ಹಾಸಿಗೆ ಎಲ್ಲಾ ತಡಕಾಡಿ, ಕನ್ನಡಕ ಹುಡುಕಿ, ಆಮೇಲೆ ಬೆಳಗಾಗೋದು ಬೇಡ. ಎಲ್ಲರಿಗೂ ಆದಾಗಲೇ ನನಗೂ ಬೆಳಗಾಗಲಿ. ಅಷ್ಟೇ."

ಇಷ್ಟು ಹೇಳಿ ಅವಳು ನಾಚಿಕೊಂಡಳು. ತನಗೊಂದು ಆಸೆಯಿದೆ ಎಂದು ಬಾಯಿಬಿಟ್ಟು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ಪರೀಕ್ಷೆಗಳೆಲ್ಲ ತಂಗಿಯ ಕೈಯಿಂದಲೇ ಆದವು. ಕಣ್ಣಿನ ಮುಂಪರದೆಯ ದಪ್ಪ, ಅದರ ಏರಿಳಿತ, ಹಿಂಭಾಗದ ನರ, ಎಲ್ಲ ಸರಿಯಾಗಿತ್ತು. ಕಂಪ್ಯೂಟರಿನಲ್ಲಿ ತುಂಬುವ ಫಾರಮ್ಮಿನಲ್ಲಿ 'ಉದ್ಯೋಗ' ಎಂಬ ಕಡೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ, ಅದರಲ್ಲಿ ಒಂದನ್ನು ಆರಿಸಬೇಕು. ಚಾಲಕ, ಶಿಕ್ಷಕ, ಗೃಹಿಣಿ, ಕೃಷಿ, ಟೈಲರ್. ರಫು ಇರಲಿಲ್ಲ. ತಂಗಿ ಒಂದು ಕ್ಷಣವೂ ಯೋಚಿಸದೆ 'ಟೈಲರ್' ಒತ್ತಿದಳು. ಸೂಜಿ ದಾರದ ಕೆಲಸ ತಾನೇ!

ಡಾಕ್ಟರು ಐವತ್ತು ದಾಟಿದ, ಸಮಾಧಾನದ ಹೆಂಗಸು, ಓದುವ ಕನ್ನಡಕವನ್ನು ಸರಪಳಿ ಕಟ್ಟಿ ಕತ್ತಿಗೆ ಇಳಿಬಿಟ್ಟುಕೊಂಡಿದ್ದರು. ಫಾರಮ್ಮು ನೋಡಿದರು. "ನಲವತ್ತು ದಾಟಿದೆ ನಿಮಗೆ. ದೂರ ಚೆನ್ನಾಗಿ ಕಾಣತ್ತೆ, ಆದ್ರೆ ಓದೋಕೆ ಇಂಥದ್ದೊಂದು ಕನ್ನಡಕ ಬೇಕಾಗತ್ತೆ. ಪರವಾಗಿಲ್ವಾ?" ಎಂದು ಕೇಳಿದರು.

"ಅಯ್ಯೋ, ನಾನೇನು ಓದ್ತೀನಿ ಡಾಕ್ಟ್ರೇ" ಎಂದು ಅಕ್ಕ ನಕ್ಕಳು.

ಡಾಕ್ಟರೂ ನಕ್ಕರು, ತಂಗಿಯೂ ನಕ್ಕಳು. ದಿನಕ್ಕೆ ಅರವತ್ತು ಜೊತೆ ಕಣ್ಣು ನೋಡುವವಳಿಗೆ ಮನೆಯ ಒಂದು ಜೊತೆ ಕಂಡಿರಲಿಲ್ಲ. ಅವಳೊಬ್ಬಳ ತಪ್ಪೂ ಅಲ್ಲ. ಆ ಕೋಣೆಯಲ್ಲಿ ಎಲ್ಲರೂ ಕಣ್ಣನ್ನು ಅಳೆಯುವುದು ಆರು ಮೀಟರ್ ದೂರದಿಂದ, ಅಲ್ಲಿ ಅಕ್ಕನಿಗೆ ಸೊನ್ನೆ. ಸೊನ್ನೆ ಬಂದ ಕಣ್ಣಿನಲ್ಲಿ ಕಾಪಾಡಿಕೊಳ್ಳುವಂಥದ್ದೇನಾದರೂ ಇರಬಹುದು ಎಂದು ಯಾರಿಗೆ ಹೊಳೆಯಬೇಕು?

ಆಪರೇಷನ್ನಿಗೆ ಎರಡು ವಾರದಾಚೆಯ ಒಂದು ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಐದು ದಿನ ಕಣ್ಣೊಳಗೆ ಹಾಕುವ ಲೆನ್ಸು ಹಾಕಿಕೊಂಡು ನೋಡಲಿ, ಆಪರೇಷನ್ ಆದಮೇಲೆ ಹೆಚ್ಚುಕಡಿಮೆ ಹೀಗೇ ಇರತ್ತೆ ಎಂದು ಗೊತ್ತಾಗತ್ತೆ ಎಂದರು ಡಾಕ್ಟರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ತಂಗಿ ಬಂದು ಹಾಕುವುದು, ಸಂಜೆ ಬಂದು ತೆಗೆಯುವುದು ಎಂದಾಯಿತು.

ಮೊದಲ ದಿನ ಅಕ್ಕ ಮಗುವಾದಳು. ದಪ್ಪ ಮೈನಸ್ ಕನ್ನಡಕದಲ್ಲಿ ಎಲ್ಲವೂ ಒಂದು ಸುತ್ತು ಚಿಕ್ಕದಾಗಿ ಕಾಣುತ್ತದೆ, ಲೆನ್ಸು ಹಾಕಿದರೆ ಇದ್ದಷ್ಟೇ ದೊಡ್ಡದಾಗಿ ಕಾಣುತ್ತದೆ. ಭಾವನನ್ನು ನೋಡಿ, "ರೀ, ನೀವು ಇಷ್ಟು ದಪ್ಪ ಇದೀರಾ?" ಅಂದಳು. ಬೀರುವಿನ ನೆತ್ತಿಯ ಮೇಲಿನ ಧೂಳು ಕಂಡು ಬೆಳಗಿನ ಕೆಲಸವೆಲ್ಲ ಬಿಟ್ಟು ಸ್ಟೂಲು ಹತ್ತಿದಳು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ತಳ್ಳಲು ಹೋಗಿ ದಿನಕ್ಕೆ ಇಪ್ಪತ್ತು ಸಲ ತನ್ನ ಹುಬ್ಬಿಗೇ ಚುಚ್ಚಿಕೊಂಡಳು. ರಸ್ತೆಯಾಚೆಗಿನ ಮುಖಗಳು ಸ್ಪಷ್ಟವಾಗಿ ಕಂಡದ್ದರಿಂದ ಯಾರಿಗೆ ನಗಬೇಕು, ಯಾರಿಗೆ ಬೇಡ ಎಂದು ಆರಿಸಿಕೊಳ್ಳುವ ಭಾಗ್ಯವೂ ಬಂತು. ಆದರೂ ಎಲ್ಲರಿಗೂ ನಕ್ಕಳು. ಭಾವನ ಲೆಕ್ಕಾಚಾರ ತಪ್ಪಿತು ಎಂದು ತಂಗಿಗೆ ಖುಷಿಯೋ ಖುಷಿ.

ಮೂರನೆಯ ದಿನ ಕೋಟಿನ ಮೇಷ್ಟ್ರು ಬಂದರು. ನಿವೃತ್ತರಾದ ಸಂಗೀತದ ಮೇಷ್ಟ್ರು. ಕೊನೆಯ ದಿನ ಮಕ್ಕಳೆಲ್ಲ ಸೇರಿ ಕೊಟ್ಟ ಬೂದು ಬಣ್ಣದ ಉಣ್ಣೆಯ ಕೋಟು ಅವರ ಮೈಬಿಟ್ಟು ಹೋಗುವುದಿಲ್ಲ, ಅದಕ್ಕೇ ಆ ಹೆಸರು. ಎದೆಯ ಮೇಲೆ, ಜೇಬಿನ ಸ್ವಲ್ಪ ಮೇಲಕ್ಕೆ, ಬೇಳೆ ಗಾತ್ರದ ಎರಡು ತೂತು. ನುಸಿ.

"ಉಳಿಯತ್ತಾಮ್ಮ?" ಎಂದು ರೋಗಿಯನ್ನು ಕರೆತಂದವರ ಹಾಗೆ ಕೇಳಿದರು.

"ನಾಳೆ ಸಂಜೆ ಬನ್ನಿ ಮೇಷ್ಟ್ರೇ."

ಅಕ್ಕ ಕಿಟಕಿಯ ಬಳಿ ಕೂತು ಎಂದಿನಂತೆ ಬಗ್ಗಿದಳು. ಏನೂ ಕಾಣಲಿಲ್ಲ. ಬೂದು ಮಂಜು. ಹಿಂದಕ್ಕೆ ಸರಿದಳು, ಬಟ್ಟೆ ಕಂಡಿತು, ಎಳೆ ಕಾಣಲಿಲ್ಲ. ಭಾವನ ಓದುವ ಕನ್ನಡಕ ಇಸಿದುಕೊಂಡಳು. ಸಾಲದೆಂದು ಮೇಜಿಗೆ ಸಿಕ್ಕಿಸುವ ದೊಡ್ಡ ಭೂತಗನ್ನಡಿ ತರಿಸಿಕೊಂಡಳು. ಎಳೆ ಕಂಡಿತು, ಆದರೆ ಕೈ ಎಲ್ಲೋ ದೂರದಲ್ಲಿತ್ತು. ಇಪ್ಪತ್ತೇಳು ವರ್ಷ ಮೂಗಿನ ತುದಿಯಲ್ಲಿ ಆಡಿದ ಬೆರಳುಗಳು ಈಗ ಒಂದು ಗಾಜಿನ ಆಚೆ, ಬೇರೆ ಯಾರದೋ ಬೆರಳುಗಳಂತೆ ಓಡಾಡಿದವು. ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ಹೊಸದರಲ್ಲಿ ಹೀಗೇ, ಒಗ್ಗಿಹೋಗತ್ತೆ ಎಂದುಕೊಂಡಳು. ಎಂದಿನ ಕೆಲಸಕ್ಕೆ ಎರಡರಷ್ಟು ಹೊತ್ತು ಹಿಡಿಯಿತು.

ಮರುದಿನ ಸಂಜೆ ತಂಗಿ ಲೆನ್ಸು ತೆಗೆಯಲು ಬಂದಾಗ ಕೋಟು ಸಿದ್ಧವಾಗಿತ್ತು. ಮೇಷ್ಟ್ರೂ ಬಂದಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ತೂತು ಹುಡುಕಿದರು, ಸಿಗಲಿಲ್ಲ. ಭಾವ ಹುಡುಕಿದರು, ಸಿಗಲಿಲ್ಲ. ತಂಗಿಯ ಕಣ್ಣಂತೂ ಆಸ್ಪತ್ರೆಯ ಬೋರ್ಡಿನ ಕೊನೆಯ ಸಾಲನ್ನು ಅರಳು ಹುರಿದ ಹಾಗೆ ಓದುವ ಕಣ್ಣು, ಅವಳಿಗೂ ಸಿಗಲಿಲ್ಲ. ಮೇಷ್ಟ್ರು ಕೋಟು ತೊಟ್ಟು, ಎದೆ ಸವರಿಕೊಂಡು, "ಏನು ಕೈಯಮ್ಮ ನಿಂದು!" ಅಂದರು. ಲೆನ್ಸು ತೆಗೆಸಿಕೊಂಡು ಬರಿಗಣ್ಣಲ್ಲಿ ಕೂತಿದ್ದ ಅಕ್ಕ ಎದ್ದು ಮೇಷ್ಟ್ರ ಹತ್ತಿರ ಹೋದಳು. ಅವರ ಎದೆಗೆ ಮೂಗು ತಾಗುವಷ್ಟು ಬಗ್ಗಿದಳು. ಮೇಷ್ಟ್ರು ಮುಜುಗರದಿಂದ ಉಸಿರು ಬಿಗಿಹಿಡಿದು ನಿಂತರು.

"ಬಿಚ್ಚಿ ಮೇಷ್ಟ್ರೇ" ಅಂದಳು ಅಕ್ಕ.

"ಯಾಕಮ್ಮ?"

"ಇನ್ನೂ ಆಗಿಲ್ಲ. ನಾಡಿದ್ದು ಬನ್ನಿ."

"ಆಗಿದೆಯಲ್ಲಮ್ಮ, ನನಗೆ ಹುಡುಕಿದ್ರೂ..."

"ಬಿಚ್ಚಿ."

ಮೇಷ್ಟ್ರು ಬಿಚ್ಚಿಕೊಟ್ಟು ಹೋದರು. ಅಕ್ಕ ಕೂತು, ಸಣ್ಣ ಕತ್ತರಿ ತೆಗೆದುಕೊಂಡು, ಎರಡು ದಿನದ ಕೆಲಸವನ್ನು ಬಿಚ್ಚತೊಡಗಿದಳು. ತಂಗಿ ಹತ್ತಿರ ಬಂದಳು.

"ಅಕ್ಕಾ, ಏನಾಯ್ತೇ?"

"ಈ ನೇಯ್ಗೆ ನೋಡು. ಎಳೆ ಎರಡರ ಮೇಲೆ ಹೋಗ್ಬೇಕು, ಎರಡರ ಕೆಳಗೆ. ಇಲ್ಲೊಂದು ಕಡೆ ಮೂರರ ಮೇಲೆ ಹೋಗಿದೆ. ಆ ಕಡೆ ತೂತಲ್ಲೂ ಎರಡು ಕಡೆ ತಪ್ಪಿದೆ."

"ಯಾರಿಗೆ ಗೊತ್ತಾಗತ್ತೆ?"

ಅಕ್ಕ ಇನ್ನೊಂದು ಎಳೆ ಕತ್ತರಿಸಿದಳು. ಅಕ್ಕನಿಗೆ ಸಿಟ್ಟು ಬಂದಿದೆ, ಅದು ತನ್ನ ಮೇಲಲ್ಲ ಎಂದು ತಂಗಿಗೆ ಅರ್ಥವಾಯಿತು. ಅವಳು ಮನೆಗೆ ಹೋಗದೆ ಒಂದು ಸ್ಟೂಲು ಎಳೆದುಕೊಂಡು ಅಕ್ಕನ ಎದುರಿಗೆ ಕೂತಳು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. ಇಷ್ಟು ವರ್ಷ ಅವಳು ನೋಡಿದ್ದೆಲ್ಲ ಅಕ್ಕನ ಬೆನ್ನು.

ಅಕ್ಕ ಕೋಟಿನ ಎದೆಯನ್ನು ಮುಖದ ಹತ್ತಿರ ಎತ್ತಿಕೊಂಡಳು. ಕಣ್ಣು ರೆಪ್ಪೆ ಬಡಿಯಲಿಲ್ಲ. ಕೂದಲಿಗಿಂತ ಸಣ್ಣ ಎಳೆಯೊಂದನ್ನು ಸೂಜಿಯ ತುದಿ ಎತ್ತಿತು, ಪಕ್ಕಕ್ಕೆ ಸರಿಸಿತು, ಅದರ ಕೆಳಗೆ ತೂರಿತು, ಎರಡು ಬಿಟ್ಟು ಮೇಲೆ ಬಂತು. ಉಸಿರು ಬಟ್ಟೆಯನ್ನು ಕದಲಿಸದಂತೆ ಅವಳು ತುಟಿಯ ಒಂದು ಬದಿಯಿಂದ ಉಸಿರಾಡುತ್ತಿದ್ದಳು. ಹಾಗೆ ಉಸಿರಾಡುವುದನ್ನು ಯಾರು ಹೇಳಿಕೊಟ್ಟರೋ! ತಂಗಿ ಭಾವನ ಅಳತೆ ಟೇಪು ತೆಗೆದುಕೊಂಡು ಅಕ್ಕನ ಕಣ್ಣಿನಿಂದ ಬಟ್ಟೆಯವರೆಗೆ ಹಿಡಿದಳು. ಹನ್ನೊಂದು ಸೆಂಟಿಮೀಟರ್. ಅರ್ಧ ಗೇಣು.

ತಂಗಿ ಟೇಪನ್ನು ಇನ್ನೊಮ್ಮೆ ಹಿಡಿದು ನೋಡಿದಳು. ಓದಿದ ಪಾಠವೇ ಅದು. ಮೈನಸ್ ಒಂಬತ್ತಿನ ಕಣ್ಣು ಬರಿಗಣ್ಣಾಗಿ ಸ್ಪಷ್ಟವಾಗಿ ನೋಡುವುದು ಹನ್ನೊಂದು ಸೆಂಟಿಮೀಟರಿನಲ್ಲಿ. ಅಷ್ಟು ಹತ್ತಿರದಲ್ಲಿ ಒಳ್ಳೆಯ ಕಣ್ಣಿನವರಿಗೆ ಏನೂ ಕಾಣುವುದಿಲ್ಲ. ಅಲ್ಲಿ ಒಂದು ಎಳೆ ಉಳಿದವರಿಗೆ ಕಾಣುವುದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕವನ್ನೂ ತೆಗೆದುಕೊಂಡಿದ್ದಳು. ಕನ್ನಡಕ ಜಾರುತ್ತೆ ಎಂದು ತೆಗೆಯುತ್ತಾಳೆ ಎಂಬ ಭಾವನ ಮಾತನ್ನು ನಂಬಿ ಕೂತಿದ್ದವಳೂ ಅವಳೇ.

"ನಿಂಗೆ ಗೊತ್ತಿತ್ತಾ ಅಕ್ಕ?"

"ಏನು?"

"ಹತ್ತಿರದ್ದು ನಿಂಗೆ ನಮಗಿಂತ ಚೆನ್ನಾಗಿ ಕಾಣತ್ತೆ ಅಂತ."

"ನನಗೆ ಕಲಿಸಿದ ಅಜ್ಜಿ ಅಂತಿದ್ರು, ಬೇರೆಯವರು ಹತ್ತು ವರ್ಷ ಕಲಿಯೋದನ್ನ ನೀನು ನೋಡಿಯೇ ಮಾಡ್ತೀಯ ಅಂತ. ಎಲ್ಲರಿಗೂ ಹೀಗೇ ಕಾಣತ್ತೆ, ಉಳಿದವರಿಗೆ ತಾಳ್ಮೆ ಇಲ್ಲ ಅಷ್ಟೇ ಅಂದ್ಕೊಂಡಿದ್ದೆ."

ತಂಗಿ ಬೆರಳು ಮಡಚಿ ದಿನ ಎಣಿಸಿದಳು. ಇನ್ನೊಂಬತ್ತು ದಿನ ಕಳೆದಿದ್ದರೆ ಅವಳೇ ಅಕ್ಕನ ಕೈಹಿಡಿದು ಆ ಕೋಣೆಯೊಳಗೆ ಮಲಗಿಸಿ ಬರುತ್ತಿದ್ದಳು. ಲೇಸರ್ ತೆಗೆದದ್ದನ್ನು ಯಾರೂ ತಿರುಗಿ ಹಚ್ಚಲಾರರು. ಅಕ್ಕ ಇವತ್ತು ಕೋಟಿನಲ್ಲಿ ಕಂಡ ಆ ತಪ್ಪನ್ನು ಆಮೇಲೆ ಯಾವತ್ತೂ ಕಾಣುತ್ತಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ತಪ್ಪುಗಳಿವೆ ಎಂದು ಅವಳಿಗೆ ಗೊತ್ತಿರುತ್ತಿತ್ತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಮುಂಚೆಯೇ ತಂಗಿ ಡಾಕ್ಟರ ಎದುರು ನಿಂತು, ಫಾರಮ್ಮಿನಲ್ಲಿ ತಾನು ಒತ್ತಿದ ಆ ಒಂದು ಮಾತಿನಿಂದ ಹಿಡಿದು ಎಲ್ಲ ಒಪ್ಪಿಸಿದಳು. ಡಾಕ್ಟರು ಬೈಯಲಿಲ್ಲ. "ಕರ್ಕೊಂಡು ಬನ್ನಿ ಅವರನ್ನ. ಲೆನ್ಸ್ ಬೇಡ, ಕನ್ನಡಕ ಹಾಕ್ಕೊಂಡೇ ಬರಲಿ" ಅಂದರು.

ಅಕ್ಕ ಬಂದು ಕೂತಾಗ ಡಾಕ್ಟರು ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದರು. ಕಣ್ಣಿಗೆ ಹೊಲಿಗೆ ಹಾಕುವ ಸೂಜಿ ದಾರ, ಹೊಸಬರ ಅಭ್ಯಾಸಕ್ಕೆಂದು ಇಟ್ಟಿದ್ದ ಹಳೆಯದು. ಬಿಳಿ ಬಟ್ಟೆಯ ಮೇಲೆ ಹರಡಿದರೆ ಅಲ್ಲಿ ದಾರವಿದೆ ಎಂದು ತಂಗಿಗೆ ನಂಬಿಕೆಯೇ ಬರಲಿಲ್ಲ.

"ಇದನ್ನ ನಾನು ಮೈಕ್ರೋಸ್ಕೋಪ್ ಇಲ್ದೆ ಮುಟ್ಟೋದೇ ಇಲ್ಲ. ನೋಡಿ, ಏನಾದ್ರೂ ಕಾಣತ್ತಾ?"

ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಬಗ್ಗಿದಳು. "ಅಯ್ಯೋ, ಈ ಸೂಜಿಗೆ ಕಣ್ಣೇ ಇಲ್ವಲ್ಲ!" ಅಂದಳು. "ದಾರ ಸೂಜಿಯ ಬುಡದಲ್ಲೇ ಸೇರ್ಕೊಂಡಿದೆ. ತುದಿ ಚಪ್ಪಟೆ ಮಾಡಿದ್ದಾರೆ, ಎರಡು ಕಡೆ ಹರಿತ ಇದೆ." ಎರಡು ಬೆರಳ ಉಗುರಿನಿಂದ ದಾರ ಎತ್ತಿ ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು. "ಬಣ್ಣ ಕಪ್ಪು. ಎಷ್ಟು ಚೆನ್ನಾಗಿದೆ! ಇದು ಎಲ್ಲಿ ಸಿಗತ್ತೆ ಡಾಕ್ಟ್ರೇ? ರೇಷ್ಮೆ ರಫುಗೆ ಆಗಬಹುದು."

ಡಾಕ್ಟರು ಗಂಟನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ. "ಮೂವತ್ತು ವರ್ಷದಿಂದ ಕಣ್ಣು ನೋಡ್ತಿದೀನಿ" ಅಂದರು ಕೊನೆಗೆ. "ನಿಮ್ಮದನ್ನ ಆ ಬೋರ್ಡಿನ ಮುಂದೆ ಕೂರಿಸಿ ಫೇಲ್ ಮಾಡಿಬಿಟ್ಟಿದ್ದೆ."

ಅಕ್ಕನಿಗೆ ಅಷ್ಟು ದೊಡ್ಡವರು ಹಾಗಂದದ್ದು ಮುಜುಗರವಾಯಿತು. ವಿಷಯ ಬದಲಿಸಿದಳು. "ಆಪರೇಷನ್ ಮಾಡಿದ್ರೆ ಈ ಹತ್ತಿರದ್ದು ಹೋಗತ್ತಾ?"

"ಹೋಗತ್ತೆ."

"ಆಮೇಲೆ ಬೇಕು ಅಂದ್ರೆ ವಾಪಸ್?"

"ಬರಲ್ಲ. ಸ್ವಲ್ಪ ಮೈನಸ್ ಉಳಿಸಿ ಮಾಡಬಹುದು. ಆಗ ದೂರಾನೂ ಪೂರ್ತಿ ಕಾಣಲ್ಲ, ಹತ್ತಿರಾನೂ ಈಗಿನಷ್ಟು ಇರಲ್ಲ."

"ಎರಡೂ ಕೆಟ್ಟ ಹಾಗೆ. ಮಾಡಿಸದೇ ಇದ್ರೆ?"

"ಇದು ಹೀಗೇ ಇರತ್ತೆ. ನಮಗೆಲ್ಲ ವಯಸ್ಸಾದ ಹಾಗೆ ಹತ್ತಿರದ್ದು ಮಂಜಾಗತ್ತೆ, ನಿಮಗೆ ಆಗಲ್ಲ. ಪೊರೆ ಬರೋವರೆಗೂ ಈ ಕೆಲಸ ಬರಿಗಣ್ಣಲ್ಲೇ ಮಾಡಬಹುದು. ನಾನು ಮಾಡಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಕಣ್ಣು ನಿಮ್ಮದು, ಬೆಳಗೂ ನಿಮ್ಮದು."

ಅಕ್ಕ ಕನ್ನಡಕ ಹಾಕಿಕೊಂಡು ಕಿಟಕಿಯ ಕಡೆ ನೋಡುತ್ತ ಕೂತಳು. ಮಡಿಲಿನಲ್ಲಿ ಅವಳ ಒಂದು ಕೈ ಇನ್ನೊಂದರ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದುದು ತಂಗಿಗೆ ಕಂಡಿತು.

"ಬೇಡ ಡಾಕ್ಟ್ರೇ" ಅಂದಳು ಅಕ್ಕ. "ತೊಂದರೆ ಕೊಟ್ಟೆ ನಿಮಗೆ."

ಇಂಥ ಕಡೆ ಕತೆ ಹೇಳುವವರು ಅವಳನ್ನು ನಗುನಗುತ್ತ ಹೊರಗೆ ಕಳಿಸುತ್ತಾರೆ. ಅಕ್ಕ ನಗಲಿಲ್ಲ. ಆಸ್ಪತ್ರೆಯ ಗೇಟಿನ ಹೊರಗೆ ಫುಟ್‌ಪಾತಿನ ಸಿಮೆಂಟ್ ಬೆಂಚಿನವರೆಗೆ ನೆಟ್ಟಗೆ ನಡೆದು, ಕೂತು, ಕನ್ನಡಕ ತೆಗೆದು ಅತ್ತಳು. ಸದ್ದಿಲ್ಲದೆ, ಆದರೆ ಚೆನ್ನಾಗಿ ಅತ್ತಳು. ಮನೆಯನ್ನು ಹೊತ್ತಾಗಲೂ, ಶಾಲೆ ಬಿಟ್ಟಾಗಲೂ ಅಳದವಳು. ತಂಗಿ ಪಕ್ಕದಲ್ಲಿ ಕೂತಳು. ಅಕ್ಕನದು ದೊಡ್ಡ ಕಣ್ಣು ಎಂದು ಅವಳು ನಿನ್ನೆಯಿಂದ ಹೊಗಳುತ್ತಿದ್ದಳು. ಕಣ್ಣು ಹುಟ್ಟಿನಿಂದ ಬಂದದ್ದು, ಅದರಲ್ಲಿ ಯಾರ ಹೆಚ್ಚುಗಾರಿಕೆಯೂ ಇಲ್ಲ. ಇಷ್ಟು ಬೇಕಾಗಿದ್ದನ್ನು, ಮೂರರ ಮೇಲೆ ಹೋದ ಒಂದು ಎಳೆಗಾಗಿ ಬೇಡ ಎಂದು ಎದ್ದು ಬಂದಳಲ್ಲ, ದೊಡ್ಡದು ಅದು.

"ಭಾನುವಾರ ಭಾನುವಾರ ಲೆನ್ಸ್ ಹಾಕ್ಕೊಡ್ತೀನಿ ಅಕ್ಕ. ಕೆಲಸ ಇಲ್ದಿರೋ ದಿನ."

ಅಕ್ಕ ಮೂಗೊರೆಸಿಕೊಂಡು ಯೋಚಿಸಿದಳು. "ಬೇಡ ಕಣೇ. ವಾರಕ್ಕೊಂದು ದಿನ ಕೊಟ್ಟು ಆರು ದಿನ ಕಿತ್ಕೊಂಡ್ರೆ ಆಸೆ ಬೆಳೀತಾನೇ ಇರತ್ತೆ. ಸೋಮವಾರ ಸೂಜಿ ಹಿಡಿಯೋಕೆ ಮನಸ್ಸೇ ಬರಲ್ಲ."

"ನನ್ನ ಮೇಲೆ ಸಿಟ್ಟಾ?"

"ಹುಚ್ಚಿ. ಆ ನಾಲ್ಕು ದಿನ ಕೊಟ್ಟವಳು ನೀನು. ಒಂದು ವಿಷಯ ಹೇಳ್ತೀನಿ, ಬೈಯಬಾರದು. ಲೆನ್ಸ್ ಹಾಕ್ಕೊಂಡು ಸ್ನಾನ ಮಾಡಬೇಡ ಅಂದಿದ್ಯಲ್ಲ? ಮೊದಲನೇ ದಿನ ನೀನು ಆ ಕಡೆ ಹೋಗ್ತಿದ್ದ ಹಾಗೇ ಇನ್ನೊಂದು ಸಲ ಸ್ನಾನಕ್ಕೆ ಹೋದೆ."

"ಅಕ್ಕಾ!"

"ಮುಖಕ್ಕೆ ನೀರು ಹಾಕ್ಲಿಲ್ಲ, ಕೇಳು. ಕನ್ನಡಕ ಹಾಕ್ಕೊಂಡು ಯಾರಾದ್ರೂ ಸ್ನಾನ ಮಾಡ್ತಾರಾ? ಬುದ್ಧಿ ಬಂದಾಗಿಂದ ಪಾದ ಅಂದ್ರೆ ಅಲ್ಲಿ ಕೆಳಗೆ ಏನೋ ಎರಡು ಮಸುಕಾಗಿ ಕಾಣ್ತಿತ್ತು, ಅಷ್ಟೇ. ಉಳಿದ ಹೊತ್ತು ಸೀರೆ ಅಂಚಿನ ಕೆಳಗೆ ಇರೋದನ್ನ ಯಾರು ಬಗ್ಗಿ ನೋಡ್ಕೋತಾರೆ? ಅವತ್ತು ಬಗ್ಗಿ ನೋಡ್ತೀನಿ, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಕಿರುಬೆರಳು ಒಳಗಡೆ ಮಡಚ್ಕೊಂಡಿದೆ. ಥೇಟ್ ಅಮ್ಮನ ಕಾಲು ಕಣೇ. ಕೊನೇ ವರ್ಷ ಮಡಿಲಲ್ಲಿ ಇಟ್ಕೊಂಡು ದಿನಾ ಒತ್ತಿದ್ದೀನಿ, ನನಗೆ ತಪ್ಪತ್ತಾ? ಚೊಂಬು ಕೈಯಲ್ಲಿ ಹಿಡ್ಕೊಂಡು ಅಲ್ಲೇ ನಿಂತ್ಬಿಟ್ಟೆ."

ತಂಗಿಗೆ ಅಮ್ಮನ ಮುಖ ಫೋಟೋದಿಂದ ಗೊತ್ತು. ಮನೆಯಲ್ಲಿರುವುದು ಒಂದೇ ಫೋಟೋ, ಅದು ಎದೆಯವರೆಗೆ ಮಾತ್ರ. ಅವಳು ಬೆಂಚಿನಿಂದ ಇಳಿದು, ಓಡಾಡುವ ಜನರ ನಡುವೆ ಮಂಡಿಯೂರಿ, ಅಕ್ಕನ ಚಪ್ಪಲಿ ಬಿಚ್ಚಿ, ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದಳು.